ಒಂದೂ ಮೊಳೆಯಿಲ್ಲದ ವೇದಿಕೆ

ಪರಿಸರ ರಕ್ಷಣೆ ನನ್ನಿಂದಲೇ ಶುರುವಾಗಲಿ ಎಂದು ನಾನು ತೀರ್ಮಾನಿಸಿದ್ದು ನಮ್ಮ ಓಣಿಯ ಸಾಂಸ್ಕೃತಿಕ ಉತ್ಸವದ ಸಭೆಯಲ್ಲಿ. ಒಂದು ಮೊಳೆ ಹೊಡೆಯದೆ, ಒಂದು ಗುಂಡಿ ತೋಡದೆ, ಓಣಿಯ ಸಾಮಾನಿನಲ್ಲೇ ವೇದಿಕೆ ಕಟ್ಟಿ, ಮುಗಿದ ಮೇಲೆ ಅವರವರ ಸಾಮಾನು ಅವರವರಿಗೆ ಒಪ್ಪಿಸುವುದಾಗಿ ಘೋಷಿಸಿದೆ. ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರ ಮಾತು! ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಹೆಂಡತಿ ಶಾಂತಾಳನ್ನು ಬಿಟ್ಟು.

"ನಮ್ಮ ಕೋಲಾಟ ಅದೇ ಸ್ಟೇಜ್ ಮ್ಯಾಲ ಅದರಿ. ಓಣಿ ಹೆಣ್ಮಕ್ಕಳು ಮೊದಲನೇ ಸಲ ಮಂದಿ ಮುಂದ ಕುಣಿಯಾಕತ್ತೀವಿ. ಮಾನ ಕಳೀಬ್ಯಾಡ್ರಿ," ಎಂದಳು ಮನೆಗೆ ಬಂದ ಮೇಲೆ.

"ನಾ ಅದೀನಲ್ಲ," ಎಂದೆ. ನಮ್ಮ ಮನೆಯ ಅನಾಹುತಗಳೆಲ್ಲ ಈ ಮಾತಿನಿಂದಲೇ ಶುರುವಾಗುತ್ತವೆ.

ಸಂಗಣ್ಣನ ಎತ್ತಿನ ಬಂಡಿ, ಮಲ್ಲಪ್ಪನ ಎತ್ತಿನ ಬಂಡಿ, ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದೆ. ಗಾಲಿಗೆ ಕಲ್ಲು ಕೊಟ್ಟೆ. ಎರಡು ತುದಿಯ ನೊಗಗಳ ಅಡಿ ಕಲ್ಲು ಪೇರಿಸಿ ಬಂಡಿಗಳನ್ನು ಸಮ ಮಾಡಿದೆ. ಮೇಲೆ ಯಾರದೋ ಹಲಗೆ, ಇನ್ಯಾರದೋ ಜಮಖಾನ. ನೋಡಲು ಬಹಳ ಚೆನ್ನಾಗಿತ್ತು. ನಾನು ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಂಡೆ.

ಸಂಜೆ ಸಂಗಣ್ಣ ಹೊಸ ರುಮಾಲು ಸುತ್ತಿಕೊಂಡು ಬಂದವನೇ ವೇದಿಕೆ ಹತ್ತಿ ನಟ್ಟನಡುವೆ ಕುಳಿತ. ಮಲ್ಲಪ್ಪ ಬಿಡುತ್ತಾನೆಯೇ? ಅವನೂ ಹತ್ತಿದ. ಹಲಗೆ ಕೊಟ್ಟವರು, ಜಮಖಾನ ಕೊಟ್ಟವರು, ಗಾಲಿಗೆ ಕಲ್ಲು ಕೊಟ್ಟವರೂ ಹತ್ತಿ ನಡುವೆಯೇ ಒತ್ತರಿಸಿ ಕುಳಿತರು. ಕಲ್ಲು ಕೊಟ್ಟವರಿಗೂ ಮರ್ಯಾದೆ ಇದೆಯಲ್ಲ.

"ಸಂಗಣ್ಣ, ಕೆಳಗ ಬರ್ರಿ. ಹೆಣ್ಮಕ್ಕಳು ಕುಣೀಬೇಕು," ಎಂದೆ.

"ಬಂಡಿ ನಂದ್ರಿ ಸರ್. ಮಲ್ಲಪ್ಪ ಮ್ಯಾಲ ಕುಂತಾನ, ನಾ ಯಾಕ ಇಳೀಲಿ?"

ಮಲ್ಲಪ್ಪನ ಉತ್ತರವೂ ಇದೇ, ಹೆಸರು ಮಾತ್ರ ಬೇರೆ. ಅಷ್ಟರಲ್ಲಿ ನಡುಭಾಗ ಕಿರ್ರೆಂದು ಕುಸಿಯಿತು. ಎರಡು ತುದಿಯ ನೊಗಗಳೂ ನಿಧಾನವಾಗಿ ಮೇಲಕ್ಕೆದ್ದವು. ನಾನು ಓಡಿಹೋಗಿ ಒಂದು ನೊಗಕ್ಕೆ ಜೋತುಬಿದ್ದೆ. ಇನ್ನೊಂದಕ್ಕೆ, ಉದ್ಘಾಟನೆಗೆಂದು ಶಾಲು ಹೊದ್ದು ಬಂದಿದ್ದ ನಮ್ಮ ಹೆಡ್ಮಾಸ್ತರು. ವೇದಿಕೆ ಮತ್ತೆ ಸಮವಾಯಿತು.

"ಈಗ ಭೇಷಾತು. ಹಂಗೇ ಹಿಡಕೊಂಡಿರ್ರಿ," ಎಂದ ಸಂಗಣ್ಣ, ಇನ್ನಷ್ಟು ಆರಾಮಾಗಿ ಕುಳಿತು.

ಶಾಂತಾ ನನ್ನನ್ನು ಒಮ್ಮೆ ನೋಡಿದಳು. ಸೆರಗು ಸಿಕ್ಕಿಸಿಕೊಂಡು, ಗೆಳತಿಯರನ್ನು ಕರೆದುಕೊಂಡು ವೇದಿಕೆಯ ಮುಂದಿನ ಬಯಲಿಗೆ ಇಳಿದಳು. ಜನ ಎದ್ದು ಅವರ ಸುತ್ತ ನೆರೆದರು. ಕೋಲು ಬಿದ್ದ ಸದ್ದಿಗೆ ಇಡೀ ಓಣಿ ಕುಣಿಯಿತು. ಎರಡು ಸಲ "ಇನ್ನೊಮ್ಮೆ" ಅನ್ನಿಸಿಕೊಂಡರು. ನೊಗಕ್ಕೆ ಜೋತುಬಿದ್ದವನಿಗೆ ಕಂಡದ್ದು ಬರೀ ಜನರ ಬೆನ್ನು. ಆದರೂ ಹೆಮ್ಮೆಯಿಂದ ಎದೆಯುಬ್ಬಿತು, ಜೋತುಬಿದ್ದಾಗ ಎಷ್ಟು ಉಬ್ಬಲು ಸಾಧ್ಯವೋ ಅಷ್ಟು.

ಮನೆಗೆ ಬರುವಾಗ ಶಾಂತಾಳ ಮುಖ ಅರಳಿತ್ತು.

"ಮುಂದಿನ ವರ್ಷಾನೂ ಸ್ಟೇಜ್ ನೀವೇ ಮಾಡ್ರಿ," ಎಂದಳು. "ದೊಡ್ಡ ಮಂದಿ ಎಲ್ಲಾ ಅದರ ಮ್ಯಾಲ ಕುಂತಿರ್ತಾರ. ನಮಗ ಕುಣಿಯಾಕ ನೆಲ ಖಾಲಿ ಸಿಗ್ತದ."

ಮರುದಿನ ಒಂಬತ್ತನೇ ತರಗತಿಗೆ ಸನ್ನೆಕೋಲಿನ ಪಾಠವಿತ್ತು. ತೋಳೆರಡೂ ಮೇಲೇಳದಂತೆ ಹಿಡಿದುಕೊಂಡಿದ್ದರಿಂದ ರಜೆ ಕೇಳಲು ಹೆಡ್ಮಾಸ್ತರಿಗೆ ಫೋನ್ ಮಾಡಿದೆ. ಅವರೂ ರಜೆಯಲ್ಲಿದ್ದರು.