ಕತ್ತಿ ನುಂಗಿದ ಆಟಕ್ಕೆ ಹತ್ತಕ್ಕೆ ಎರಡು

ವಿಡಿಯೋ ಗೇಮುಗಳಿಗೆ ನಿಯತ್ತಾಗಿ ಅಂಕ ಕೊಡುವ ಗಂಡಸು ಕರ್ನಾಟಕದಲ್ಲಿ ಒಬ್ಬನಾದರೂ ಇರಬೇಕು, ಅವನು ಹಿರಿಯೂರಿನವನಾಗಿರಬೇಕು, ಅವನ ಹೆಸರು ಗೋವರ್ಧನ ಎಂದಿರಬೇಕು! ಹೀಗೆಂದು ನಾನು ಯುಗಾದಿಯ ದಿನ, ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ತೀರ್ಮಾನಿಸಿಬಿಟ್ಟೆ. ಬೆಲ್ಲ ಅಲ್ಲೇ ಕರಗಿತು. ಬೇವು ಮಾತ್ರ ನನ್ನ ವಿಮರ್ಶೆಗಳಿಗೆ ಇಳಿಯಿತು.

ಸಿಟ್ಟು ಬರದೆ ಇನ್ನೇನು? ದೊಡ್ಡ ದೊಡ್ಡ ವಿಮರ್ಶಕರ ಅಂಕಗಳನ್ನು ನೀವು ನೋಡಿದ್ದೀರೋ ಇಲ್ಲವೋ. ಚೆನ್ನಾಗಿದ್ದರೆ ಒಂಬತ್ತೂವರೆ, ಸುಮಾರಾಗಿದ್ದರೆ ಒಂಬತ್ತು, ತೀರಾ ಹಾಳಾಗಿದ್ದರೆ ಎಂಟು. ನಮ್ಮ ಕಾಲದಲ್ಲಿ ನೂರಕ್ಕೆ ಮೂವತ್ತೈದು ತೆಗೆದವನಿಗೆ ಮನೆಯಲ್ಲಿ ಪಾಯಸ ಮಾಡುತ್ತಿದ್ದರು. ಇವರ ಲೋಕದಲ್ಲಿ ಎಪ್ಪತ್ತು ತೆಗೆದವನೂ ಫೇಲು. ಒಂದರಿಂದ ಏಳರವರೆಗಿನ ಅಂಕಿಗಳನ್ನು ಇವರೆಲ್ಲ ಸೇರಿ ಎಲ್ಲಿ ಹೂತಿಟ್ಟರು? ಅವನ್ನು ಅಗೆದು ತೆಗೆದು ಹಂಚುವ ಕೆಲಸ ನನ್ನ ಪಾಲಿಗೆ ಬಂತು.

ಹೊಟ್ಟೆಪಾಡಿಗೆ ನಾನು ಔಷಧ ಕಂಪನಿಯೊಂದರ ಪ್ರತಿನಿಧಿ. ಬೆಳಿಗ್ಗೆ ಬೈಕು ಹತ್ತಿದರೆ ಹೊಸದುರ್ಗ, ಹೊಳಲ್ಕೆರೆ, ದುರ್ಗ ಎಂದು ಡಾಕ್ಟರುಗಳ ಬಾಗಿಲು ಕಾಯ್ದು ಸಂಜೆ ಮನೆ ಸೇರುತ್ತೇನೆ. ಡಾಕ್ಟರುಗಳ ಮುಂದೆ ದಿನವಿಡೀ ಹಲ್ಲು ಕಿರಿದವನಿಗೆ ಸಂಜೆ ಯಾರನ್ನಾದರೂ ಕಚ್ಚಬೇಕೆನಿಸುವುದು ಸಹಜ. ಹೊಸದುರ್ಗದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ ಬೀರೇಶ್ ಜೊತೆ ಸೇರಿ 'ಖಡಕ್ ಅಂಕ' ಎಂಬ ವೆಬ್‌ಸೈಟು ತೆರೆದೆ. ಪೂರ್ತಿ ಆಡಿ ಮುಗಿಸದ ಗೇಮಿಗೆ ಅಂಕ ಕೊಡುವುದಿಲ್ಲ ಎಂಬುದು ನಮ್ಮ ಘನವಾದ ನಿಯಮ. ಆಟ ತಾನೇ ಕೆಟ್ಟು ನಿಂತರೆ ಮಾತ್ರ ವಿನಾಯಿತಿ.

ಆಗ ಬಂತು 'ವಜ್ರಖಡ್ಗ'. ಮೈಸೂರಿನ ಒಂದು ಪುಟ್ಟ ಕಂಪನಿ ಮಾಡಿದ್ದು. ಆಟದೊಳಗಿನ ರಾಜ, ರಾಕ್ಷಸ, ಸಂತೆಯ ವ್ಯಾಪಾರಿ ಎಲ್ಲರೂ ಅಚ್ಚ ಕನ್ನಡದಲ್ಲಿ ಮಾತಾಡುತ್ತಾರೆ. ಎಲ್ಲರೂ ಒಂಬತ್ತು ಕೊಟ್ಟಿದ್ದರು. ಕನ್ನಡದ್ದು ಎಂಬ ಕರುಣೆಗೆ ಕೊಟ್ಟ ಅಂಕವಿದು, ಇದರ ನಿಜ ಬಣ್ಣ ನಾನು ಬಯಲು ಮಾಡುತ್ತೇನೆ ಎಂದು ಹೆಂಡತಿ ಸುಪ್ರಿಯಾಗೆ ಹೇಳಿದೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಮ್ಮ ನಡುಮನೆಯಲ್ಲಿ ಒಂದು ಮೂಲೆ ಅವಳ ಹೊಲಿಗೆ ಮಿಷಿನ್ನಿಗೆ, ಇನ್ನೊಂದು ಮೂಲೆ ನನ್ನ ಟೀವಿಗೆ. ನಡುವಿನ ದಿವಾನದ ಮೇಲೆ ನಮ್ಮವ್ವ ಗಂಗಕ್ಕ.

ಅವ್ವ ಹರಿಯಬ್ಬೆ ಹಳ್ಳಿಯಿಂದ ಬಂದು ಸ್ವಲ್ಪ ದಿನವಾಗಿತ್ತು. ಮಂಡಿ ಆಪರೇಷನ್ ಆಗಿ, ಕುರಿ ಹಿಂದೆ ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮಂದೆಯನ್ನು ತನ್ನ ತಮ್ಮ ಮಂಜಣ್ಣನಿಗೆ ಒಪ್ಪಿಸಿ ಬಂದಿದ್ದಳು. ಬಂದವಳು ಕಿಟಕಿಯಲ್ಲಿ ಹೆದ್ದಾರಿಯ ಬಸ್ಸು ನೋಡಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಧಾರಾವಾಹಿ ಹಾಕಿಕೊಟ್ಟರೆ, ಆ ಹೆಂಗಸರು ಯಾವಾಗ ನೋಡಿದರೂ ಅಳ್ತಾರೆ, ಕೆಲಸ ಇಲ್ಲವೇನೋ ಎಂದು ಮುಖ ತಿರುಗಿಸುತ್ತಿದ್ದಳು. ಅವಳಿಗೆ ಬೇಸರ ಕಳೆಯುವ ದಾರಿ ನೋಡು ಎಂದು ಸುಪ್ರಿಯಾಗೆ ಅಪ್ಪಣೆ ಕೊಟ್ಟು, ಮಗನಾದವನ ಕರ್ತವ್ಯ ಮುಗಿಯಿತೆಂದು ನಾನು ಆಟಕ್ಕೆ ಕೂತೆ.

ನಿಜ ಹೇಳಬೇಕೆಂದರೆ ಆಟ ಚೆನ್ನಾಗಿತ್ತು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ತಪ್ಪೇ ಸಿಗುತ್ತಿಲ್ಲವಲ್ಲ! ಸಂಜೆಸಂಜೆ ಕೂತು ಜೌಗು ದಾಟಿದೆ, ಹೆಬ್ಬಾವು ಕೊಂದೆ, ಕೊನೆಗೂ ಬೆಟ್ಟದ ಗುಹೆಯಲ್ಲಿ ವಜ್ರಖಡ್ಗವನ್ನು ಗೆದ್ದೆ. ಆ ಕತ್ತಿ ಇಲ್ಲದೆ ರಾಕ್ಷಸರಾಜ ಸಾಯುವುದಿಲ್ಲ. ಗೆದ್ದ ಖುಷಿಗೆ ಊಟದಲ್ಲಿ ಒಂದು ಮುದ್ದೆ ಜಾಸ್ತಿ ಉಂಡೆ.

ಮರುದಿನ ಸಂಜೆ ಬಂದು ನೋಡಿದರೆ ಕತ್ತಿ ಇಲ್ಲ.

ನನ್ನ ವೀರ ಬರಿಗೈಯಲ್ಲಿ ನಿಂತಿದ್ದಾನೆ. ಅವನ ಸುತ್ತ ಒಂದಷ್ಟು ಕುರಿಗಳು. ಎಲ್ಲಿಂದ ಬಂದವು, ಯಾಕೆ ಬಂದವು, ಒಂದೂ ಗೊತ್ತಿಲ್ಲ. ನನ್ನ ಮುಖ ನೋಡಿ 'ಬ್ಯಾ' ಎಂದವು. ನಾನು ಎದ್ದು ನಿಂತು, ನೋಡಿದೆಯಾ, ಇದನ್ನೇ ನಾನು ಹೇಳಿದ್ದು, ಇಂಥ ದೋಷ ಇಟ್ಟುಕೊಂಡು ಒಂಬತ್ತು ಅಂಕ ಎಣಿಸಿಕೊಂಡಿದ್ದಾರೆ ಎಂದು ಕೂಗಾಡಿದೆ. ಸುಪ್ರಿಯಾ ಮಾತಾಡಲಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಾಳೆ, ಅದಕ್ಕೇ ಸುಮ್ಮನಿದ್ದಾಳೆ ಎಂದುಕೊಂಡೆ.

ಅದರ ಮರುದಿನ ವೀರನ ಕುದುರೆ ಮಾಯ. ಆಮೇಲೆ ಉಕ್ಕಿನ ಕವಚ ಮಾಯವಾಗಿ ವೀರನ ಹೆಗಲ ಮೇಲೆ ಕಂಬಳಿ ಬಂತು. ಕುರಿಗಳು ಮಾತ್ರ ದಿನದಿನಕ್ಕೆ ಹೆಚ್ಚಿದವು. ಕವಚ ಹೋಗಿ ಕಂಬಳಿ ಬಂದಾಗಲಾದರೂ ಒಂದು ಅನುಮಾನ ಬರಬೇಕಿತ್ತು. ಬರಲಿಲ್ಲ. ವಿಮರ್ಶಕನ ಅನುಮಾನವೆಲ್ಲ ಪರರ ಮೇಲೇ ಇರುತ್ತದೆ, ಮನೆಯೊಳಗೆ ಅದು ಚಪ್ಪಲಿ ಬಿಟ್ಟು ಬರುತ್ತದೆ.

ನಾನು ಬರೆದೆ. ಏನು ಬರೆದೆ ಅಂತೀರಿ! 'ಕತ್ತಿ ನುಂಗಿದ ಆಟ' ಎಂದು ತಲೆಬರಹ. ಕೋಟೆಯ ಬಾಗಿಲಲ್ಲಿ ರಾಕ್ಷಸರಾಜ ಗರ್ಜಿಸುತ್ತಿರುವಾಗ ಎದುರಿಗೆ ಕಂಬಳಿ ಹೊದ್ದ ವೀರ, ಅವನ ಬೆನ್ನಿಗೆ ಮಂದೆ. ಆ ದೃಶ್ಯದ ವಿಡಿಯೋ ಜೊತೆಗಿಟ್ಟೆ. ಆಟಗಾರನ ಬೆವರಿಗೆ ಬೆಲೆಯಿಲ್ಲದ, ವೀರನಿಂದ ಕುರಿ ಕಾಯಿಸುವ, ಕನ್ನಡಿಗರನ್ನೇ ಕುರಿ ಮಾಡಲು ಹೊರಟ ಆಟ. ಹತ್ತಕ್ಕೆ ಎರಡು. ಆ ಎರಡೂ ಸಂಗೀತಕ್ಕೆ.

ವಿಡಿಯೋ ಕಾಡ್ಗಿಚ್ಚಿನಂತೆ ಹಬ್ಬಿತು. ಆಟ ಮುಟ್ಟಿಯೂ ನೋಡದವರು ಬಂದು ಒಂದೊಂದು ನಕ್ಷತ್ರ ಕೊಟ್ಟು ಹೋದರು. ಬೇರೆ ಚಾನೆಲ್ಲಿನವರು ನನ್ನ ಕುರಿಗಳನ್ನು ತೋರಿಸಿ ನಕ್ಕರು. ಹೊಳಲ್ಕೆರೆಯ ಡಾಕ್ಟರೊಬ್ಬರು ಮೊದಲ ಸಲ ನನ್ನನ್ನು ಒಳಗೆ ಕರೆದು, ಕುರಿ ವಿಡಿಯೋ ಮಾಡಿದ್ದು ನೀವೇನಾ ಎಂದು ಕೇಳಿ ಕಾಫಿ ಕೊಡಿಸಿದರು. ಬೀರೇಶ್ ಮಾತ್ರ ಫೋನು ಮಾಡಿ, ತನ್ನ ಆಟದಲ್ಲಿ ಕತ್ತಿ ನೆಟ್ಟಗಿದೆ, ಇನ್ನೊಂದು ಸಲ ನೋಡು ಎಂದ. ಅವನು ಕಂಪನಿಗೆ ಹೆದರಿದ ಹೇಡಿ ಎಂದು ಬೈದು ಫೋನಿಟ್ಟೆ.

ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಫೋನು ಬಂತು. ಆಟ ಮಾಡಿದ ಕಂಪನಿಯ ಪ್ರೀತಿ ಎಂಬಾಕೆ. ನಾನು ಕಂಪನಿಯನ್ನು ಹೇಗೆ ತರಾಟೆಗೆ ತೆಗೆದುಕೊಳ್ಳುತ್ತೇನೆಂದು ಮನೆಯವರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಗಿರಾಕಿಯೇ ದೇವರು ಎಂಬಲ್ಲಿಂದ ಹಿಡಿದು ಕನ್ನಡದ ಮಾನದವರೆಗೆ ಭಾಷಣ ಬಿಗಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಸರ್, ನಾವು ನಾಲ್ಕೈದು ಜನ ಅಷ್ಟೇ ಇರೋದು," ಎಂದಳು. "ನಿಮ್ಮ ವಿಡಿಯೋ ಬಂದ ಮೇಲೆ ಜನ ಆಟ ಕೊಳ್ಳೋದೇ ನಿಲ್ಲಿಸಿದ್ದಾರೆ. ತಪ್ಪಿದ್ರೆ ಸರಿ ಮಾಡ್ತೀವಿ. ಆದ್ರೆ ನಿದ್ದೆಗೆಟ್ಟು ಹುಡುಕಿದ್ರೂ ಆ ತಪ್ಪು ಸಿಗ್ತಿಲ್ಲ. ದಯವಿಟ್ಟು ನಿಮ್ಮ ಸೇವ್ ಕಳಿಸ್ತೀರಾ?"

"ಸೇವು ಖಾಲಿ ಆಗೈತಮ್ಮ," ಎಂದಳು ಅವ್ವ ದಿವಾನದ ಮೇಲಿಂದ. "ನಿನ್ನೆ ಮಂಡಕ್ಕಿಗೆ ಹಾಕಿಬಿಟ್ವಿ."

ಅದು ತಿನ್ನುವ ಸೇವಲ್ಲವೆಂದು ಅವ್ವನಿಗೆ ಸನ್ನೆ ಮಾಡಿ, ಆಟ ಎಲ್ಲಿಯವರೆಗೆ ಆಡಿದ್ದೇನೆಂಬ ಗುರುತನ್ನು ಕಳಿಸಲು ನನ್ನ ಅಭ್ಯಂತರವಿಲ್ಲ, ಆದರೆ ತಪ್ಪು ಒಪ್ಪಿಕೊಳ್ಳಿ ಎಂದು ಪ್ರೀತಿಗೆ ತಾಕೀತು ಮಾಡಿದೆ.

"ಒಪ್ಕೋತೀನಿ ಸರ್, ಆದ್ರೆ ಆ ಕತ್ತಿ ತಾನಾಗಿ ಹೋಗೋಕೆ ದಾರೀನೇ ಇಲ್ಲ. ಸಂತೆಗೆ ಹೋಗಿ ಮಾರಬೇಕು. ಮಾರೋಕೆ ಹೋದ್ರೂ ವ್ಯಾಪಾರಿ ಸುಮ್ಮನೆ ತಗೊಳಲ್ಲ, ನಿಜವಾಗ್ಲೂ ಮಾರ್ತೀಯಾ ಅಂತ ಮೂರು ಸಲ ಕೇಳ್ತಾನೆ."

"ಹೂಂ ಕಣಮ್ಮ, ಕೇಳ್ತಾನೆ," ಎಂದಳು ಅವ್ವ. "ಒಳ್ಳೆ ಮನುಷ್ಯ. ನಾನೂ ಮೂರು ಸಲ ಹೂಂ ಅಂದೆ."

ಹೊಲಿಗೆ ಮಿಷಿನ್ನು ನಿಂತಿತು. ನಾನು ಅವ್ವನ ಕಡೆ ತಿರುಗಿದೆ. ಅವಳ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

"ಕತ್ತಿ ಇಟ್ಕಂಡು ಏನ್ ಮಾಡ್ತಿದ್ದೆ ಗೋವರ್ಧನ? ಕುರಿ ಆದ್ರೆ ನಾಳೆ ಮರಿ ಹಾಕ್ತವೆ. ಕತ್ತಿ ಹಾಕ್ತೈತಾ?"

ಹಾಗಾದರೆ ಕುದುರೆ ಎಂದು ಕೇಳಿದೆ. ಅದಕ್ಕೆ ಮೇವು ಹಾಕುವವರು ಯಾರೆಂದು ತಿರುಗಿ ಕೇಳಿದಳು. ಕವಚ? ಆ ಬಿಸಿಲಲ್ಲಿ ಕಬ್ಬಿಣ ಹೊದ್ದು ಯಾವನಾದರೂ ಕುರಿ ಕಾಯ್ತಾನಾ ಎಂದಳು. ರಾಕ್ಷಸರಾಜನನ್ನು ಕೊಲ್ಲುವುದು ಬೇಡವೇ ಎಂದರೆ, ಅವನು ನಮಗೇನು ಮಾಡಿದ್ದಾನೆ, ಪಾಪ, ಅವನ ಕೋಟೇಲಿ ಅವನಿದ್ದಾನೆ, ಕೋಟೆ ಮುಂದೆ ಹುಲ್ಲೂ ಚೆನ್ನಾಗಿದೆ ಎಂದಳು.

ನನ್ನ ಸಿಟ್ಟಿಗೆ ಹೋಗಲು ಒಂದೇ ದಾರಿ ಉಳಿದಿತ್ತು. ಸುಪ್ರಿಯಾ ಮೇಲೆ ಎಗರಿದೆ. ಅವ್ವನ ಕೈಗೆ ಇದನ್ನು ಕೊಟ್ಟವರು ಯಾರು, ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದೆ. ಅವಳು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು.

"ಬೇಸರ ಕಳೆಯೋ ದಾರಿ ನೋಡು ಅಂದೋರು ನೀವೇ. ಕುರಿ ಕಂಡ ದಿನ ಅತ್ತೆ ಮೊದಲನೇ ಸಲ ನಕ್ಕರು ಕಣ್ರಿ. ನಿಮಗೆ ಹೇಳಾಣ ಅಂತ ಬಾಯಿ ತೆಗೆದ್ರೆ ನೀವು ಆಗ್ಲೇ ಕೂಗಾಡ್ತಿದ್ರಿ. ಎರಡು ಅಂಕ ಕೊಟ್ಟಿದ್ದು ಇವತ್ತು ಬೆಳಿಗ್ಗೆ ಪಕ್ಕದ ಮನೆ ರೋಜಾ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು."

ಸ್ಪೀಕರಿನಲ್ಲಿ ಪ್ರೀತಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಎರಡೂ ಇರಬೇಕು. ನನ್ನೊಡನೆ ಮಾತು ಬಿಟ್ಟು ಅವ್ವನಿಗೆ ಆಟ ಹೇಗಿದೆ ಎಂದು ಕೇಳಿದಳು. ಎಲ್ಲ ಸರಿ, ಕುರಿ ಬೇಗ ಮರಿ ಹಾಕುತ್ತಿಲ್ಲ, ಅದೊಂದು ನೋಡಮ್ಮ ಎಂದಳು ಅವ್ವ. ನೋಡುತ್ತೇನೆ ಎಂದು ಪ್ರೀತಿ ಒಪ್ಪಿಕೊಂಡಳು.

ಬೀರೇಶನಿಗೆ ವಿಷಯ ಹೇಳಿದೆ. ಮೊದಲು ಕೆಮ್ಮಿದ. ಆಮೇಲೆ ಬೈಯಲು ಶುರು ಮಾಡಿದ.

"ಲೇ, ಖಡಕ್ ಅಂಕ ಅಂತ ಬೋರ್ಡ್ ಹಾಕ್ಕಂಡು ನಿಮ್ಮವ್ವನ ವ್ಯಾಪಾರಕ್ಕೆ ಎರಡು ಅಂಕ ಕೊಟ್ಯಲ್ಲೋ. ಅಂಕ ಕೊಡೋನಿಗೆ ಮೊದ್ಲು ಅಂಕೆ ಇರ್ಬೇಕು. ಇವತ್ತೇ ತಪ್ಪಾಯ್ತು ಅಂತ ಹಾಕು."

ಹಾಕಿದೆ. ಆಟದಲ್ಲಿ ದೋಷವಿಲ್ಲ, ದೋಷ ನಮ್ಮ ಕಡೆಯದು ಎಂದು ಮಾತ್ರ ಬರೆದೆ. ಕಡೆ ಎಂದರೆ ಯಾವ ಕಡೆ ಎಂದು ಬಿಡಿಸಿ ಹೇಳಲಿಲ್ಲ. ಆದರೆ ಎರಡು ಅಂಕ ತೆಗೆದ ಜಾಗ ಖಾಲಿಯಾಗಿ ಹಲ್ಲು ಬಿದ್ದ ಬಾಯಂತೆ ಕಾಣುತ್ತಿತ್ತು. ಹೊಸ ಅಂಕ ಕೊಡಬೇಕೆಂದರೆ ಆಟ ಮುಗಿಸಬೇಕು. ಮುಗಿಸಬೇಕೆಂದರೆ ರಾಕ್ಷಸರಾಜ ಸಾಯಬೇಕು. ಅವನು ಸಾಯಬೇಕೆಂದರೆ ಸಂತೆಯ ವ್ಯಾಪಾರಿಯಿಂದ ಕತ್ತಿ ವಾಪಸು ಕೊಳ್ಳಬೇಕು. ಮೊದಲಿಂದ ಆಡುತ್ತಾ ಕೂತರೆ ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ಮೈಸೂರಿನ ಆ ಮಕ್ಕಳ ಗತಿ? ನ್ಯಾಯಕ್ಕೆ ಬೇರೆ ದಾರಿಯೇ ಇರಲಿಲ್ಲ, ನೀವೇ ಹೇಳಿ.

ಮಂಜಣ್ಣ ಮಾವನ ಮೊಮ್ಮಗುವಿನ ನಾಮಕರಣಕ್ಕೆಂದು ಅವ್ವ ಸುಪ್ರಿಯಾ ಜೊತೆ ಹರಿಯಬ್ಬೆಗೆ ಹೋದಳು. ನಾನು ಒಳಗಿನಿಂದ ಚಿಲಕ ಹಾಕಿಕೊಂಡು, ಟೀವಿ ಮುಂದೆ ಕೂತು ಮಂದೆಯನ್ನು ಸಂತೆಗೆ ಹೊಡೆದೆ. ವ್ಯಾಪಾರಿ ನನ್ನನ್ನೂ ಮೂರು ಸಲ ಕೇಳಿದ. ಮೂರನೆಯ ಸಲ ಅವನ ದನಿ ಯಾಕೋ ನಮ್ಮ ಸೋದರಮಾವನ ದನಿಯ ಹಾಗೆ ಕೇಳಿತು. ಕಣ್ಣು ಮುಚ್ಚಿ ಹೂಂ ಎಂದೆ. ಕತ್ತಿ ಬಂತು. ಆ ದಿನವೇ ರಾಕ್ಷಸರಾಜನ ತಲೆ ಉರುಳಿತು. ಸಾಯುವಾಗ ಅವನು ನನ್ನ ಹಿಂದೆ ಕುರಿಗಳನ್ನು ಹುಡುಕಿದ ಹಾಗನ್ನಿಸಿದ್ದು ನನ್ನ ಭ್ರಮೆ ಇರಬೇಕು.

ಹೊಸ ವಿಮರ್ಶೆ ಬರೆದೆ. ಇದು ಕನ್ನಡದ ಹೆಮ್ಮೆ, ಕರುಣೆಗಲ್ಲ, ಯೋಗ್ಯತೆಗೆ ಕೊಡುತ್ತಿದ್ದೇನೆ, ಹತ್ತಕ್ಕೆ ಎಂಟು. ಉಳಿದೆರಡು ಅಂಕ ಯಾಕಿಲ್ಲವೆಂದು ಯಾರೂ ಕೇಳಬಾರದು, ನನಗೂ ಒಂದು ಮರ್ಯಾದೆ ಇದೆ. ಜನ ಮೆಚ್ಚಿದರು. ಮತ್ತೆ ಕೊಳ್ಳುತ್ತಿದ್ದಾರೆ ಎಂದು ಪ್ರೀತಿ ಸಂದೇಶ ಕಳಿಸಿದಳು. ತಪ್ಪು ತಿದ್ದಿಕೊಳ್ಳುವವನೇ ದೊಡ್ಡ ಮನುಷ್ಯ ಎಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡು ಡ್ಯೂಟಿಗೆ ಹೊರಟೆ.

ಅವ್ವ ಊರಿಂದ ಬಂದ ಮರುದಿನ ನಾನು ಹೊಸದುರ್ಗದ ಆಸ್ಪತ್ರೆಯೊಂದರಲ್ಲಿ ಡಾಕ್ಟರಿಗಾಗಿ ಕಾಯುತ್ತಿದ್ದೆ. ಬೀರೇಶ್ ಫೋನು ಮಾಡಿ, ನಿನ್ನ ವಿಮರ್ಶೆಯ ಕೆಳಗೆ ಓದುಗರೊಬ್ಬರು ಬರೆದಿದ್ದಾರೆ, ನಿನ್ನ ಬರಹಕ್ಕಿಂತ ಅದನ್ನೇ ಜನ ಹೆಚ್ಚು ಮೆಚ್ಚುತ್ತಿದ್ದಾರೆ, ನೋಡು ಎಂದ. ತೆಗೆದು ನೋಡಿದೆ. ಬರೆದವರ ಹೆಸರು ಗಂಗಕ್ಕ, ಹರಿಯಬ್ಬೆ. ಬೆರಳು ಸುಪ್ರಿಯಾದು ಎಂಬುದರಲ್ಲಿ ಅನುಮಾನವಿಲ್ಲ. ಮಾತು ಮಾತ್ರ ಅವ್ವನದೇ.

"ಆಟ ಬಾಳ ಚೆನ್ನಾಗೈತೆ. ಮಂಡಿ ನೋವಿದ್ರೂ ಕುರಿ ಕಾಯಬೌದು. ಹತ್ತಕ್ಕೆ ಒಂಬತ್ತು ಕೊಟ್ಟೀನಿ. ಒಂದು ಯಾಕೆ ಮುರ್ಕಂಡೀನಿ ಅಂದ್ರೆ, ಆಟದಾಗೆ ಒಬ್ಬ ಕಳ್ಳ ಅವ್ನೆ. ನಾನು ಊರಿಗೋಗಿದ್ದಾಗ ಇಡೀ ಮಂದೆ ಮಾರ್ಕಂಡವ್ನೆ. ಅವನನ್ನ ತೆಗೆದು ಹಾಕಿದ್ರೆ ಹತ್ತಕ್ಕೆ ಹತ್ತು ಕೊಡ್ತೀನಿ."

ಅದರ ಕೆಳಗೆ ಕಂಪನಿಯ ಪರವಾಗಿ ಪ್ರೀತಿ ಉತ್ತರ ಬರೆದಿದ್ದಳು.

"ಅಮ್ಮ, ಕುರಿಗಳನ್ನು ನಾವು ವಾಪಸು ಕೊಡಿಸುತ್ತೇವೆ. ಮರಿಗಳನ್ನೂ ಕೊಡುತ್ತೇವೆ. ಆದರೆ ಆ ಕಳ್ಳನನ್ನು ತೆಗೆಯುವುದು ನಮ್ಮ ಕೈಲಿಲ್ಲ. ಅವನನ್ನು ಮಾಡಿದ್ದು ನೀವೇ."