ರೆಕ್ಕೆ ಕೆಳಗಿನ ಟಾಕಿ

ನಾನು: ನಿಮಗ ಟಾಕಿ ಕಳದದ್ದರ ಚಿಂತಿ. ಅದು ಎಲ್ಲೆ ಹೋಗೇತಿ ಅನ್ನೂದರ ಚಿಂತಿ ನನಗ.

ಇವರು: ಎಲ್ಲೆ ಹೋಗತೈತಿ? ರೆಕ್ಕಿಗೆ ಹಚ್ಚೋತನಕ ಅದು ಹಾರೂದಿಲ್ಲ.

ನಾನು: ಅದು ಹಾರೂದ ಬ್ಯಾಡ್ರಿ. ಅಂಬೆಗಾಲಿನ್ಯಾಗ ಬಂದು ನುಂಗವ್ರು ಮನ್ಯಾಗ ಅದಾರಲ್ಲ.

ಲಕ್ಷ್ಮೇಶ್ವರದ ನಮ್ಮ ಮನೆಯ ಪಡಸಾಲೆ, 1998ರ ಒಂದು ಭಾನುವಾರದ ಬೆಳಗು. ‘ಇವರು’ ಎಂದರೆ ನನ್ನ ಗಂಡ ಮೌನೇಶ. ವಾರವೆಲ್ಲ ಅಡತಿ ಅಂಗಡಿಯಲ್ಲಿ ಶೇಂಗಾ ಚೀಲ ತೂಗಿಸುವ ಮನುಷ್ಯ, ಮೂರು ತಿಂಗಳಿಂದ ರಜೆಯ ದಿನಗಳಲ್ಲಿ ಗೇಣುದ್ದದ ಒಂದು ಪ್ಲಾಸ್ಟಿಕ್ ಯುದ್ಧವಿಮಾನ ಜೋಡಿಸುತ್ತಿದ್ದಾರೆ. ನೂರಾ ಹನ್ನೆರಡು ಬಿಡಿಭಾಗ, ರೆಕ್ಕೆಗಳ ಕೆಳಗೆ ಅಂಟಿಸುವ ಎರಡು ಪೆಟ್ರೋಲ್ ಟ್ಯಾಂಕು, ಅಂದರೆ ಟಾಕಿ, ಸೇರಿ. ಡಬ್ಬಿಯ ಮೇಲೆ ಮೂರು ವರ್ಷದೊಳಗಿನ ಮಕ್ಕಳಿಂದ ದೂರವಿಡಿ ಎಂದು ಬರೆದಿದೆ. ಮೂವತ್ತು ದಾಟಿದ ಗಂಡಸರ ವಿಷಯ ಬರೆಯಲು ಮರೆತಿದ್ದಾರೆ. ನಮ್ಮ ಹತ್ತು ತಿಂಗಳ ಮಗಳು ನನ್ನ ಸೊಂಟದ ಮೇಲೆ ಕೂತು, ತನಗೆ ಸಂಬಂಧವೇ ಇಲ್ಲವೆಂಬಂತೆ ಫ್ಯಾನು ನೋಡುತ್ತಿದ್ದಳು.

ಇವರು: ನಿನ್ನೆ ಸಂಜೀಕ ಎರಡೂ ಟಾಕಿಗೆ ಬೆಳ್ಳಿ ಬಣ್ಣ ಹಚ್ಚಿ, ಕಿಡಕಿ ಕಟ್ಟಿ ಮ್ಯಾಲೆ ಒಣಗಾಕ ಇಟ್ಟಿದ್ನಿ. ಎಡಗಡಿದು ಐತಿ, ಬಲಗಡಿದು ಇಲ್ಲ.

ನಾನು: ಎಷ್ಟು ದೊಡ್ಡದಿತ್ತು?

ಇವರು: ಕಿರಿಬೆರಳಿನ ತುದಿಯಷ್ಟು.

ನಾನು: ಅಂದ್ರ ನಮ್ಮ ಕೂಸಿನ ಗಂಟಲಿಗೆ ಅಳತಿ ತಗೊಂಡ ಮಾಡ್ಯಾರ.

ಇವರು: ಏ ಸ್ನೇಹಾ, ಕೂಸಿನ ಮಾರಿ ನೋಡು. ಏನರ ಆಗೇತೇನು ಅದಕ್ಕ? ಬೆಳಿಗ್ಗಿಂದ ಒಮ್ಮೆನೂ ಅತ್ತಿಲ್ಲ.

ನಾನು: ಅದ ನನ್ನ ಅಂಜಿಕಿ. ಯಾವಾಗ ಇಷ್ಟು ಸುಮ್ಮನಿತ್ತು ಇದು? ಕೂಸು ಇದ್ದಕ್ಕಿದ್ದಂಗ ಗಪ್ಪಾದ್ರ ಎಚ್ಚರ ಅಂತ ಪುಸ್ತಕದಾಗ ಬರದಾರ.

ಇವರು: ಅತ್ರ?

ನಾನು: ಅತ್ರೂ ಎಚ್ಚರ.

ಇವರು: ಹಂಗಾದ್ರ ಆ ಪುಸ್ತಕ ಬರದಾಂವ ಮಕ್ಕೊಳ್ಳೂದು ಯಾವಾಗಂತ?

ಹುಬ್ಬಳ್ಳಿಯಲ್ಲಿ ಓದಿದವಳೆಂದು ತವರಿನವರು ಕಾಣಿಕೆ ಕೊಟ್ಟ ಶಿಶುಪಾಲನೆಯ ಪುಸ್ತಕ ಅದು. ನನ್ನ ಓದಿನ ಮೇಲೆ ಇವರಿಗೆ ಗೌರವವಿದೆ. ವಿಮಾನದ ಡಬ್ಬಿಯ ಇಂಗ್ಲಿಷ್ ಸೂಚನೆ ಓದಿಸುವಾಗ ಮಾತ್ರ.

ನಾನು: ಏಳ್ರಿ, ಗದಗಿಗೆ ಹೋಗೂಣು. ಹನ್ನೊಂದರ ಬಸ್ ಐತಿ. ಜಿಲ್ಲಾ ಆಗೇತಲ್ಲ, ಚಲೋ ಡಾಕ್ಟರ್ ಬಂದಿರತಾರ.

ಇವರು: ಜಿಲ್ಲಾ ಆಗಿ ಒಂದು ವರ್ಷ ಆತು. ಬೋರ್ಡು ಹೊಸಾವು, ಡಾಕ್ಟರ್ ಹಳಬರ. ಅವರ ಮುಂದ ಏನಂತ ಹೇಳ್ತಿ? ಕೂಸು ಪೆಟ್ರೋಲ್ ಟಾಕಿ ನುಂಗೇತಿ ಅಂತನೇನು?

ನಾನು: ಹೌದು. ಕೂಸಿನ ಅಪ್ಪ ಏನ ಮಾಡಾಕತ್ತಿದ್ದ ಅಂತ ಕೇಳಿದ್ರ, ಇನ್ನೊಂದು ಟಾಕಿ ಹಚ್ಚಾಕತ್ತಿದ್ದ ಅಂತೀನಿ.

ಇವರು ಕೈಯಲ್ಲಿದ್ದ ಚಿಮಟವನ್ನು ಮೆಲ್ಲಗೆ ಕೆಳಗಿಟ್ಟರು. ಎಡಗಡೆಯ ಟಾಕಿಯನ್ನು ಬಿಡಲಿಲ್ಲ.

ಇವರು: ನಾಳೆ ಮುಂಜಾನಿತನಕ ತಡಿ. ನುಂಗಿದ್ರ ತಾನ ಹೊರಗ ಬರತೈತಿ.

ನಾನು: ಬಂದ್ರ?

ಇವರು: ತೊಳದು ಹಚ್ಚತೀನಿ. ಬಣ್ಣ ಅಷ್ಟ ಇನ್ನೊಮ್ಮೆ ಹೊಡೀಬೇಕು.

ಆಗ ಅತ್ತೆ ಗದಿಗೆವ್ವ ಹಿತ್ತಲಿನಿಂದ ಮೆಂತ್ಯ ಸೊಪ್ಪಿನ ಸಿವುಡು ಹಿಡಿದು ಒಳಗೆ ಬಂದರು.

ಅತ್ತೆ: ಏನೈತಿ ಮುಂಜಾನಿಂದ ನಿಮ್ಮ ಗದ್ದಲ? ಜಳಕಾ ಮಾಡಸಿ, ಅಂಗಿ ಹಾಕಿ, ಕೂಸಿನ್ನ ನಗೂವಂಗ ಮಾಡಿ ಕೊಟ್ಟೀನಿ. ಅದನ್ನರ ಸಂಭಾಳಸ್ರಿ.

ನಾನು: ಅತ್ತಿ, ಇವರ ವಿಮಾನದ ತುಕಡಿ ಕೂಸಿನ ಹೊಟ್ಟ್ಯಾಗ ಹೋಗೇತ್ರಿ.

ಅತ್ತೆ: ತಾ ಇಲ್ಲೆ. ಹೊಟ್ಟಿ ಬಿಗದೈತೇನು ನೋಡ್ತೀನಿ.

ಅತ್ತೆ ಕೂಸನ್ನು ತೊಡೆಯ ಮೇಲೆ ಮಲಗಿಸಿ ಅಂಗಿ ಮೇಲೆತ್ತಿದರು. ಉಡದಾರದ ನಟ್ಟನಡುವೆ, ಹೊಕ್ಕುಳಿನ ಕೆಳಗೆ, ಬಲಗಡೆಯ ಟಾಕಿ ಥಳಥಳ ಹೊಳೆಯುತ್ತಿತ್ತು.

ಇವರು: ಹೊಟ್ಟಿ ಒಳಗಲ್ಲ, ಹೊಟ್ಟಿ ಮ್ಯಾಲೈತಿ.

ಅತ್ತೆ: ಏನು? ಅದು ತಾಯತ. ದರ್ಗಾದ ಲಾಡಸಾಬಜ್ಜ ಮಂತ್ರಿಸಿ ಕೊಟ್ಟಿದ್ದು. ಇವತ್ತು ಜಳಕಾ ಮಾಡಸೂಮುಂದ ಉಡದಾರ ಬರೇ ಇತ್ತು. ಕಸಾ ಹೊಡಿಯೂಮುಂದ ಕಿಡಕಿ ಬುಡಕ ಸಿಕ್ತು. ಕೊಂಡಿ ಮುರದಿತ್ತು, ನಡಕ ದಾರ ಸುತ್ತಿ ಬಿಗದೀನಿ.

ಇವರು: ಯವ್ವಾ, ಅದು ಪೆಟ್ರೋಲ್ ಟಾಕಿ.

ಅತ್ತೆ: ಹೊಸಾದರಗತೆ ಹೊಳಿಯಾಕತ್ತಿತ್ತು. ಅಜ್ಜನ ಕೈಗುಣ ಅನ್ಕೊಂಡ್ನಿ. ಹಂಗಾದ್ರ ತಾಯತ ಎಲ್ಲೈತಿ?

ಇಬ್ಬರೂ ಮೊದಲು ಕೂಸಿನ ಬಾಯಿ ನೋಡಿದರು, ಆಮೇಲೆ ನನ್ನ ಮುಖ.

ನಾನು: ಬಾಯಿಗೆ ಹಾಕ್ಕೊಂಡು ಚೀಪಾಕತ್ತಿತ್ರಿ. ನುಂಗೀತು ಅಂತ ನಿನ್ನೆ ನಾನ ಬಿಚ್ಚಿ ಅಕ್ಕಿ ಡಬ್ಬಿಯೊಳಗ ಇಟ್ಟೀನಿ.

ಇವರು: ಅವ್ವಗ ಹೇಳಲಾರದ.

ನಾನು: ಹೇಳಿದ್ರ ಬಿಚ್ಚಗೊಡ್ತಿದ್ರೇನು?

ಇವರು: ಗದಗಿನ ಬಸ್ ಹೋಗೂದ್ರಾಗ ಅಕ್ಕಿ ಡಬ್ಬಿ ನೋಡ್ಯಾರ ಬಾ. ಅಕ್ಕಿ ಅದನ್ನ ನುಂಗಿದ್ರ ಡಾಕ್ಟರಿಗೆ ತೋರಸೂಣು.

ಕೂಸು ಕ್ಷೇಮವಾಗಿದೆ ಎಂದು ಹಗುರಾಗಬೇಕಿದ್ದ ಎದೆ, ಅದರ ಮೈಗೆ ತಾಗಿದ ಬಣ್ಣದ ಲೆಕ್ಕ ಹಾಕತೊಡಗಿತ್ತು. ಕೂಡಲೇ ಬಿಚ್ಚಿ ಎಂದೆ. ಇವರು ಸಣ್ಣ ಚೂರಿ ತಂದರು. ನಾನು ಕೂಸಿನ ಎರಡೂ ಕಾಲು ಹಿಡಿದೆ, ಅತ್ತೆ ಗೊಣಗುತ್ತ ಉಡದಾರ ಎಳೆದು ಹಿಡಿದರು. ಗಂಟು ಜಗ್ಗಿದೊಡನೆ ಟಾಕಿ ಚಟಕ್ಕನೆ ಎರಡು ಹೋಳಾಯಿತು. ಬೆಳಗಿನಿಂದ ಸುಮ್ಮನಿದ್ದ ಕೂಸು ಓಣಿಗೆಲ್ಲ ಕೇಳುವಂತೆ ಅಳತೊಡಗಿತು.

ಅತ್ತೆ: ನೋಡು, ಬಿಚ್ಚೂದ ತಡ.

ಇವರು: ಮೂರು ತಿಂಗಳ ದುಡಿತ, ಯವ್ವಾ. ಒಂದ ರೆಕ್ಕಿಗೆ ಟಾಕಿ, ಇನ್ನೊಂದು ಬೋಳು.

ಅತ್ತೆ ಎದ್ದು ಹೋಗಿ ಅಕ್ಕಿ ಡಬ್ಬಿಗೆ ಕೈಹಾಕಿ ತಾಯತ ತಂದರು. ಅಕ್ಕಿಯ ಧೂಳು ಒರೆಸಿ, ಕಣ್ಣಿಗೊತ್ತಿಕೊಂಡು, ವಿಮಾನದ ಬೋಳು ರೆಕ್ಕೆಯ ಕೆಳಗೆ ಹಿಡಿದು ನೋಡಿದರು. ಉದ್ದ, ದಪ್ಪ, ಬೆಳ್ಳಿಯ ಹೊಳಪು, ಎಲ್ಲವೂ ಸರಿಹೋಗಿತ್ತು.

ಅತ್ತೆ: ತಗೋ ಮೌನ್ಯಾ, ಇದನ್ನ ಹಚ್ಚು. ಕೂಸಿಗೆ ಇನ್ನೊಂದು ಮಾಡಸ್ತೀನಿ.

ಇವರು: ವಿಮಾನಕ್ಕ ತಾಯತ ಯಾಕಬೇ?

ಅತ್ತೆ: ಮೂರು ತಿಂಗಳಾತು, ಒಂದ ಸಮ ಕೆಟ್ಟ ಕಣ್ಣು ಬಿದ್ದೈತಿ ಅದರ ಮ್ಯಾಲೆ. ಯಾರದಂತ ನಾ ಹೆಸರು ಹೇಳೂದಿಲ್ಲವ್ವಾ, ಸ್ನೇಹಾ.