ಸೀಸೆಯಿಂದ ಬಾರದ ನಿದ್ದೆ

ಹೊಟ್ಟೆನೋವು ಅಂತ ಬಂದವನ ಜೊತೆ ಬರುವುದು ಹೊಟ್ಟೆನೋವು ಒಂದೇ. ನಿದ್ದೆ ಬರುವುದಿಲ್ಲ ಅಂತ ಬಂದವನ ಹಿಂದೆ ಅವನ ಮನೆ, ಬೀದಿ, ಗದ್ದೆ ಎಲ್ಲವೂ ಬಂದು ಆಸ್ಪತ್ರೆ ಜಗಲಿಯ ಮೇಲೆ ಕೂತುಬಿಡುತ್ತವೆ. ಮಳವಳ್ಳಿ, ಮದ್ದೂರು, ಆಮೇಲೆ ಮಂಡ್ಯ, ಹೀಗೆ ಮೂರು ಊರುಗಳ ಆಸ್ಪತ್ರೆಗಳಲ್ಲಿ ಡಾಕ್ಟರಾಗಿದ್ದಷ್ಟು ಕಾಲವೂ ನನಗೆ ಇಂಥವು ಎದುರಾಗುತ್ತಲೇ ಇದ್ದವು. ನಿದ್ದೆ ಔಷಧಿ ನಮ್ಮ ಬೀರುವಿನಲ್ಲಿ ಇತ್ತು. ಆದರೆ ಸೀಸೆಯಿಂದ ಬಂದ ನಿದ್ದೆ ಮುಂದಿನ ತಿಂಗಳು ಇನ್ನೂ ದೊಡ್ಡ ಸೀಸೆ ಕೇಳುತ್ತದೆ ಅಂತ ನನಗೆ ವೈದ್ಯ ಕಲಿಸಿದವರು ಹೇಳಿದ್ದರು. ಅಲ್ಲದೆ ನನಗೊಂದು ಕುತೂಹಲ. ದಿನಾ ತಾನಾಗಿ ಬರುತ್ತಿದ್ದ ನಿದ್ದೆ ಈಗ ಎಲ್ಲಿಗೆ ಹೋಯಿತು? ಅದನ್ನು ವಿಚಾರಿಸುತ್ತಾ ಕೂತುಬಿಡುತ್ತಿದ್ದೆ. ನಮ್ಮ ಕಾಂಪೌಂಡರಿಗೆ ಇದು ಸ್ವಲ್ಪವೂ ಸೇರುತ್ತಿರಲಿಲ್ಲ. ಒಂದು ಔನ್ಸಿನಲ್ಲಿ ಮುಗಿಯುವ ಕೆಲಸಕ್ಕೆ ಒಂದು ಗಂಟೆ ಮಾತು ಯಾಕೆ ಅಂತ ಗೊಣಗುತ್ತಿದ್ದರು.

ಬೀಸೋ ಕಲ್ಲು

ಮಳವಳ್ಳಿಯಲ್ಲಿದ್ದಾಗ ಒಬ್ಬ ಹೆಂಗಸು ತನ್ನ ಅಳಿಯನನ್ನು ಕರೆದುಕೊಂಡು ಬಂದಳು. ಅಳಿಯನಿಗೆ ಜಲಪಾತದ ಹತ್ತಿರ ಬ್ಲಫ್ ಅನ್ನುವ ಕಡೆ ಕರೆಂಟು ತಯಾರಿಸುವ ಮನೆಯಲ್ಲಿ ಕೆಲಸ, ಮೆಷಿನ್ನುಗಳನ್ನು ನೋಡಿಕೊಳ್ಳುವವನು. ಒಂದು ತಿಂಗಳ ರಜೆ ಹಾಕಿ ಹೆಂಡತಿಯ ಜೊತೆ ಮಾವನ ಮನೆಗೆ ಬಂದಿದ್ದ. ಬಂದು ನಾಲ್ಕು ದಿನವಾದರೂ ಕಣ್ಣು ಮುಚ್ಚಿರಲಿಲ್ಲ. ಮೊಟ್ಟಮೊದಲ ಸಲ ಮಾವನ ಮನೆಯಲ್ಲಿ ತಂಗಿದ್ದಾನೆ, ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ನೆಂಟರು ಆಡಿಕೊಳ್ಳುತ್ತಾರೆ ಅಂತ ಅತ್ತೆಗೆ ಚಿಂತೆ.

ಬ್ಲಫಿನಲ್ಲಿ ಹೇಗೆ ಮಲಗುತ್ತೀಯಪ್ಪಾ ಅಂತ ಕೇಳಿದೆ. ಅಲ್ಲಿ ತಲೆ ಇಟ್ಟರೆ ಸಾಕಂತೆ. ಮೆಷಿನ್ನುಗಳ ಸದ್ದು ಹಗಲೂ ರಾತ್ರಿ ಗುಂಯ್ ಅಂತಲೇ ಇರುತ್ತದೆ, ಅದು ಯಾರ ಕಿವಿಗೂ ಬೀಳುವುದೇ ಇಲ್ಲವಂತೆ. ಹಾಗಾದರೆ ಇಲ್ಲಿ ಏನಾಗುತ್ತದೆ ಅಂದೆ. ಅವನು ನಾಚಿಕೊಂಡು ಹೇಳಿದ. "ಇಲ್ಲಿ ಏನೂ ಕೇಳಿಸೋಲ್ಲ ಸಾರ್. ಇನ್ನೇನು ಜೊಂಪು ಹತ್ತಬೇಕು, ಅಷ್ಟರಲ್ಲಿ ಮೆಷಿನ್ನು ನಿಂತುಹೋಯ್ತು ಅನ್ಸಿ ಎದೆ ಧಸಕ್ ಅಂತದೆ. ಎದ್ದು ಓಡ್ತೀನಿ."

ಈ ಮಾತಿಗೆ ಅತ್ತೆಗೆ ಏನೋ ಹೊಳೆಯಿತು. ಮೊನ್ನೆ ಮಧ್ಯಾಹ್ನ ತಾನು ರಾಗಿ ಬೀಸುವಾಗ ಅಳಿಯ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ ಅಂದಳು. ಸರಿ, ಅದನ್ನೇ ಔಷಧಿ ಮಾಡಿದೆ. ಊಟವಾದ ಮೇಲೆ ಅವನು ಮಲಗುವ ಗೋಡೆಯ ಆಚೆ ಒಂದು ಗಂಟೆ ರಾಗಿ ಬೀಸಬೇಕು.

ಅಳಿಯ ಮಗುವಿನ ಹಾಗೆ ನಿದ್ದೆಹೋದ. ಒಂದು ಗಂಟೆ ಬೀಸಿ ನಿಲ್ಲಿಸಿದರೆ ಧಡಕ್ಕನೆ ಎದ್ದು ಕೂರುತ್ತಿದ್ದನಂತೆ, ಅದಕ್ಕೆ ಎರಡು ಗಂಟೆಯಾಯಿತು, ಮೂರಾಯಿತು. ಅತ್ತೆಯ ತೋಳು ಸೋತಾಗ ಪಕ್ಕದ ಮನೆಯವರು ತಮ್ಮ ರಾಗಿ ತಂದು ಬೀಸಿಕೊಂಡು ಹೋದರು. ಎರಡು ವಾರ ಕಳೆದ ಮೇಲೆ ಆಕೆ ಒಬ್ಬಳೇ ಬಂದಳು. ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು.

"ಮುಲಾಮು ಕೊಡ್ಲಾಮ್ಮ?" ಅಂದೆ.

"ಮುಲಾಮು ಬ್ಯಾಡ ಬುದ್ಧಿ. ಮನೇಲಿ ರಾಗಿ ಮುಗೀತು, ಬೀದೀಲೂ ಮುಗೀತು. ಅಳೀಮಯ್ಯ ಗಟ್ಟಿಮುಟ್ಟಾಗವ್ರೆ, ನಾಳೆಯಿಂದ್ಲೇ ಕೆಲ್ಸಕ್ಕೆ ಓಗಬೌದು ಅಂತ ಒಂದ್ ಚೀಟಿ ಬರ್ದುಕೊಡಿ."

ಕೊಕ್ಕರೆ ಟೈಮು

ಮದ್ದೂರಿಗೆ ವರ್ಗವಾದ ವರ್ಷ ಕೊಕ್ಕರೆ ಬೆಳ್ಳೂರಿನ ಸ್ಕೂಲು ಮೇಷ್ಟ್ರು ಕೆಂಪುಕಣ್ಣು ಮಾಡಿಕೊಂಡು ಬಂದರು. ಮೈಸೂರಿನ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ. ಲಾಂದ್ರದ ಬೆಳಕಿನಲ್ಲಿ ಹನ್ನೆರಡರ ತನಕ ಓದಿ ಮಲಗುವ ಅಭ್ಯಾಸ. ನಾಲ್ಕು ಗಂಟೆಗೆಲ್ಲ ಮನೆಯ ಮುಂದಿನ ಹುಣಸೆಮರದಲ್ಲಿ ಕೊಕ್ಕರೆ ಮರಿಗಳ ಕೂಗು, ದೊಡ್ಡವು ಕೊಕ್ಕು ಬಡಿಯುವ ಸದ್ದು. ನಿದ್ದೆ ಔಷಧಿ ಕೊಡಿ, ಇಲ್ಲವೇ ಆ ಹಕ್ಕಿಗಳನ್ನು ಓಡಿಸುವುದಕ್ಕೆ ಶಿಫಾರಸು ಮಾಡಿ ಅಂತ ಹಟ ಹಿಡಿದರು. ಎರಡೂ ಆಗದಿದ್ದರೆ ಕೆಲಸ ಬಿಟ್ಟು ಊರಿಗೆ ಹೋಗುವುದೇ ಸೈ ಅಂದರು. ಊರಿಗೆ ಇದ್ದವರು ಅವರೊಬ್ಬರೇ ಮೇಷ್ಟ್ರು.

ಆ ವಾರ ಮಕ್ಕಳಿಗೆ ಸಿಡುಬು ಬಾರದ ಹಾಗೆ ದೇವಿ ಹಾಕುವುದಕ್ಕೆ ನಾನು ಬೆಳ್ಳೂರಿಗೆ ಹೋಗಬೇಕಿತ್ತು. ಅವರು ಬಾಡಿಗೆಗಿದ್ದ ಮನೆಯ ಅಜ್ಜಿಯ ಹತ್ತಿರ ವಿಷಯ ತೆಗೆದೆ. ಅಜ್ಜಿ ಮೇಷ್ಟ್ರನ್ನೇ ನೋಡಿ ಹೇಳಿದಳು. "ಅವು ಬಾಣಂತನಕ್ಕೆ ತೌರಿಗೆ ಬಂದಿರೋ ಎಣ್ಮಕ್ಳು ಕಣಪ್ಪ. ಕೂಸು ಅಳ್ತದೆ ಅಂತ ಬಾಣಂತೀನ ಆಚೆಗೆ ನೂಕಾರಾ? ಕೂಸಿರೋ ಮನೇಲಿ ಕೂಸು ಮಲ್ಗಿದಾಗ ನಾವೂ ಮಲ್ಗಬೇಕು, ಅದು ಎದ್ದಾಗ ಏಳ್ಬೇಕು."

ಇಪ್ಪತ್ತು ವರ್ಷದ ನನ್ನ ವೈದ್ಯದಲ್ಲಿ ಇದಕ್ಕಿಂತ ಒಳ್ಳೆಯ ಚೀಟಿ ನಾನು ಬರೆದಿಲ್ಲ. ಮೇಷ್ಟ್ರು ಅರೆಮನಸ್ಸಿನಿಂದ ಒಪ್ಪಿದರು. ಹಕ್ಕಿಗಳು ಗೂಡಿಗೆ ಬಂದು ಕೂರುವ ಹೊತ್ತಿಗೆ ಲಾಂದ್ರ ಆರಿಸುವುದು, ಅವು ಎದ್ದಾಗ ಎದ್ದು ಓದಿಕೊಳ್ಳುವುದು. ಹದಿನೈದು ದಿನದಲ್ಲಿ ಕಣ್ಣಿನ ಕೆಂಪು ಇಳಿಯಿತು, ಮುಖದಲ್ಲಿ ಕಳೆ ಬಂತು.

ಮುಂದಿನದನ್ನು ನನಗೆ ಹೇಳಿದವರು ಸ್ಕೂಲ್ ಇನ್ಸ್‌ಪೆಕ್ಟರು. ಅವರು ತನಿಖೆಗೆ ಹತ್ತೂವರೆಗೆ ಬೆಳ್ಳೂರು ತಲುಪಿದರೆ ಸ್ಕೂಲಿಗೆ ಬೀಗ. ಪಟೇಲರನ್ನು ಕರೆಸಿ, ಇದೇನು ಇನ್ನೂ ಬಾಗಿಲೇ ತೆಗೆದಿಲ್ಲವಲ್ಲ ಅಂತ ಗದರಿದರಂತೆ. ಪಟೇಲರು ಕೈಮುಗಿದು, "ತೆಗ್ದು, ಪಾಠ ಮಾಡಿ, ಮುಚ್ಚೂ ಆಯ್ತು ಸ್ವಾಮಿ. ನಮ್ಮೂರಲ್ಲಿ ಈಗ ಕೊಕ್ಕರೆ ಟೈಮು," ಅಂದರಂತೆ.

ನನ್ನದೇ ಪಾಡು

ಇದನ್ನು ಹೇಳುವುದಕ್ಕೆ ನಾಚಿಕೆ, ಆದರೂ ಹೇಳಬೇಕು. ಇಷ್ಟು ಜನರ ನಿದ್ದೆ ವಿಚಾರಿಸಿ ವಿಚಾರಿಸಿ ನನಗೊಂದು ಹುಚ್ಚು ಹತ್ತಿತು. ಎಚ್ಚರ ಮುಗಿದು ನಿದ್ದೆ ಶುರುವಾಗುವುದು ಯಾವ ನಿಮಿಷದಲ್ಲಿ? ಜೇಬುಗಡಿಯಾರ, ಪೆನ್ಸಿಲು, ಕಾಗದ ದಿಂಬಿನ ಪಕ್ಕ ಇಟ್ಟುಕೊಂಡು ಅದು ಬರುವುದನ್ನೇ ಕಾಯುತ್ತಾ ಮಲಗಿದೆ. ಕಾದರೆ ಬರುತ್ತದೆಯೇ? ಆರು ದಿನ ಬರಲಿಲ್ಲ. ಏಳನೆಯ ದಿನ ಆಸ್ಪತ್ರೆಯಲ್ಲಿ ಕೆಮ್ಮಿನವನ ನಾಲಿಗೆ ನೋಡುವ ಬದಲು ಅವನ ಜೊತೆ ಬಂದವನ ನಾಲಿಗೆ ನೋಡಿ ಔಷಧಿ ಬರೆದೆ. ಕಾಂಪೌಂಡರು ನಿದ್ದೆ ಔಷಧಿಯ ಬೀರುವಿನ ಬೀಗದಕೈ ತಂದು ನನ್ನ ಮೇಜಿನ ಮೇಲಿಟ್ಟರು. ಅದು ನನಗೆ ಬಹಳ ಚುಚ್ಚಿತು.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿಕೊಂಡೆ. ಅವಳು ಗಡಿಯಾರವನ್ನು ತನ್ನ ಕೈಗೆ ತೆಗೆದುಕೊಂಡಳು. "ನೀವು ಕಣ್ಣು ಮುಚ್ಚಿ. ಯಾವಾಗ ನಿದ್ದೆ ಬಂತು ಅಂತ ನಾನು ನೋಡಿ ಬರೆದಿಡ್ತೀನಿ," ಅಂದಳು. ನನಗೂ ಸರಿಯೆನ್ನಿಸಿತು. ನಿದ್ದೆಯ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಅವಳಿಗೆ ವಿವರಿಸುತ್ತಾ ಮಲಗಿದೆ. ಕಣ್ಣು ಬಿಟ್ಟರೆ ಬೆಳಗಾಗಿತ್ತು.

ಆತುರದಿಂದ ಕಾಗದ ನೋಡಿದೆ. "ಒಂಬತ್ತು ಗಂಟೆ, ಮಾತಾಡುತ್ತಿದ್ದಾರೆ. ಒಂಬತ್ತು ಐದು, ಇನ್ನೂ ಮಾತಾಡುತ್ತಿದ್ದಾರೆ. ಒಂಬತ್ತು ಹತ್ತು, ಇನ್ನೂ ಮಾ" ಅಂತ ಬರೆದಿತ್ತು. ಅಲ್ಲಿಂದ ಪೆನ್ಸಿಲಿನ ಗೀರು ಕಾಗದ ದಾಟಿ ಹಾಸಿಗೆಯ ಮೇಲೆ ಹೋಗಿತ್ತು.

ಒಂದೇ ಹಗ್ಗ

ಮಂಡ್ಯದ ಸೀಮೆಗೆ ಹೊಸದಾಗಿ ಕಾಲುವೆ ನೀರು ಬಂದಿತ್ತು. ರಾಗಿ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾಗುತ್ತಿದ್ದವು. ಹನಕೆರೆ ಕಡೆಯ ಇಬ್ಬರು ದಾಯಾದಿಗಳು ಒಂದೇ ದಿನ ಆಸ್ಪತ್ರೆಗೆ ಬಂದು ಬೆಂಚಿನ ಆ ತುದಿಗೊಬ್ಬ ಈ ತುದಿಗೊಬ್ಬ ಕೂತರು. ಇಬ್ಬರ ಕಣ್ಣೂ ಕೆಂಡ. ಕಾಲುವೆಯವರು ರಾತ್ರಿ ಯಾವಾಗಲೋ ಬಿಡುವ ಒಂದೇ ತೂಬಿನ ನೀರು ಇಬ್ಬರ ಗದ್ದೆಗೂ ಹರಿಯಬೇಕು. ಕಣ್ಣು ಮುಚ್ಚಿದರೆ ಇನ್ನೊಬ್ಬ ನೀರು ತಿರುಗಿಸಿಕೊಳ್ಳುತ್ತಾನೆ ಅಂತ ಇಬ್ಬರೂ ವಾರದಿಂದ ಬದುವಿನ ಮೇಲೆ ಗುದ್ದಲಿ ಹಿಡಿದು ಕೂತಿದ್ದರು. ಹಿಂದಿನ ದಿನ ಆ ಗುದ್ದಲಿ ಮೇಲಕ್ಕೂ ಎದ್ದಿತ್ತಂತೆ, ಹೆಂಗಸರು ಅಡ್ಡ ಬಂದು ಬಿಡಿಸಿದ್ದರು.

ಮೊದಲನೆಯವನು ಒಳಗೆ ಬಂದು ನಿದ್ದೆ ಮದ್ದು ಕೇಳಿದ. ಎಷ್ಟು ದಿನದಿಂದ ನಿದ್ದೆಯಿಲ್ಲ ಅಂದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಂಗಲ್ಲ ಬುದ್ಧಿ. ಆಚೆ ಕುಂತವ್ನಲ್ಲ, ಅವನ್ಗೆ. ಮಜ್ಜಿಗೇಲಿ ಆಕಿ ಕೊಟ್ರೆ ಗೊತ್ತಾಯ್ತದಾ?" ಅವನನ್ನು ಕಳಿಸಿ ಎರಡನೆಯವನನ್ನು ಕರೆದೆ. ಅವನು ಕೇಳಿದ್ದು ಪಾನಕದಲ್ಲಿ ಹಾಕಬಹುದೇ ಅಂತ.

ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೆ. ಹೀಗೇ ಇನ್ನೆರಡು ದಿನ ಕೂತರೆ ಗುದ್ದಲಿ ಯಾರದೋ ತಲೆಯ ಮೇಲೆ ಬೀಳುತ್ತದೆ, ಆಗ ನಿಮ್ಮನ್ನು ಹೊಲಿಯುವವನೂ ನಾನೇ ಅಂದೆ. ಆಮೇಲೆ ಒಂದು ಉಪಾಯ ಹೇಳಿದೆ. ಒಂದೇ ಹಗ್ಗದ ಒಂದು ತುದಿ ಇವನ ಕಾಲಿಗೆ, ಇನ್ನೊಂದು ತುದಿ ಅವನ ಕಾಲಿಗೆ ಕಟ್ಟಿಕೊಂಡು ಬದುವಿನ ಮೇಲೆ ಮಲಗುವುದು. ಒಬ್ಬ ಎದ್ದರೆ ಇನ್ನೊಬ್ಬನಿಗೆ ಎಚ್ಚರವಾಗಲೇಬೇಕು. ಯೋಚನೆ ಮಾಡಿ ನೋಡಿದರು, ಇದರಲ್ಲಿ ಮೋಸಕ್ಕೆ ದಾರಿ ಕಾಣಲಿಲ್ಲ, ಒಪ್ಪಿದರು. ಗಂಟು ಹಾಕುವುದಕ್ಕೆ ಮಾತ್ರ ಮೂರನೆಯವರು ಬೇಕು ಅಂತ ಊರ ಯಜಮಾನರನ್ನು ಕರೆದರು. ದೊಡ್ಡ ಮನುಷ್ಯರು, ನ್ಯಾಯ ಹೇಳುವವರು, ಅವರ ಗದ್ದೆಯೂ ಪಕ್ಕದಲ್ಲೇ ಇತ್ತು. ಅವರೇ ಕೂತು ಬಿಗಿಯಾಗಿ ಎರಡೆರಡು ಗಂಟು ಹಾಕಿದರಂತೆ.

ವಾರದ ನಿದ್ದೆಯೆಲ್ಲ ಒಟ್ಟಿಗೆ ಬಂತು. ಬಿಸಿಲು ಮುಖಕ್ಕೆ ಹೊಡೆದಾಗ ಇಬ್ಬರಿಗೂ ಎಚ್ಚರ. ನೋಡಿದರೆ ಎರಡು ಗದ್ದೆಯೂ ಒಣಗಿದೆ, ಯಜಮಾನರ ಗದ್ದೆಯಲ್ಲಿ ನೀರು ತುಳುಕುತ್ತಿದೆ. ಇಬ್ಬರೂ ಒಟ್ಟಿಗೆ ಎದ್ದು ಒಬ್ಬ ಆ ಕಡೆ, ಒಬ್ಬ ಈ ಕಡೆ ಓಡಿ, ಹಗ್ಗ ಜಗ್ಗಿ ಇಬ್ಬರೂ ನೀರಿಲ್ಲದ ಕಾಲುವೆಗೆ ಬಿದ್ದರು. ವರ್ಷಗಟ್ಟಲೆ ಮಾತು ಬಿಟ್ಟಿದ್ದವರು ಒಬ್ಬರನ್ನೊಬ್ಬರು ಹಿಡಿದೆತ್ತಿ, ಕಾಲಿನ ಹಗ್ಗವನ್ನೂ ಬಿಚ್ಚದೆ ಯಜಮಾನರ ಬಾಗಿಲಿಗೆ ಜೋಡಿಯಾಗಿ ಹೋಗಿ ನಿಂತರು.

ಯಜಮಾನರು ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಕಳ್ಳತನದ ಕಳೆಯೇ ಇರಲಿಲ್ಲವಂತೆ.

"ನೀರು ಬುಟ್ಟವ್ರೆ ಅಂತ ಎಬ್ಸೋಕೇ ಬಂದೆ ಕಣ್ರಲಾ," ಅಂದರು. "ಇಬ್ರೂ ಒಬ್ರ ಮ್ಯಾಲೊಬ್ರು ಕೈ ಆಕ್ಕೊಂಡು ಒಳ್ಳೆ ನಿದ್ದೇಲಿದ್ರಿ. ಎಷ್ಟ್ ದಿವ್ಸಕ್ಕೆ ಬಂದಿರೋ ನಿದ್ದೆಯೋ, ಕೆಡ್ಸಿದ್ರೆ ಪಾಪ ಬತ್ತದೆ ಅಂತ ನೀರ್‌ನ ಮೆಲ್ಲುಗೆ, ಸದ್ದಾಗ್ದಂಗೆ, ನನ್ ಗದ್ದೆಗೆ ತಿರುಗಿಸ್ಕೊಂಡೆ."